ಕಾಂತಾಬಾಯಿಯ ತಾಟಿನ ತೂಕ

ಕಾಂತಾಬಾಯಿ ಬಿದ್ದದ್ದು ತೊಗರಿಬೇಳೆಯ ರಾಶಿಯ ಮೇಲೆ. ಮೊರ ಒಂದು ಕಡೆ, ಆಕೆ ಒಂದು ಕಡೆ. ನಾನು ಓಡಿಹೋಗಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದೆ. ನಮ್ಮಿಂದ ಕೆಲಸ ತೆಗೆಯುವ ಮುಕಾದಮ ಓಂಪ್ರಕಾಶ ದೂರದಿಂದಲೇ ಚೀರಿದ.

"ಏ ಶೇವಂತಾ, ಆಕಿನ್ನ ಈ ಕಡಿ ಎಳಿ! ಬ್ಯಾಳಿ ತೋಯ್ತದ!"

ಮನುಷ್ಯಳು ಸತ್ತಳೋ ಬದುಕಿದಳೋ ಎಂದು ಕೇಳಲಿಲ್ಲ ಆ ಹಾಟ್ಯಾ. ಬೇಳೆ ತೋಯುತ್ತದಂತೆ.

ಕಣ್ಣು ಬಿಟ್ಟ ಮೇಲೆ ಕಾಂತಾಬಾಯಿಯನ್ನು ಕೇಳಿದೆ. "ಮುಂಜಾನೆ ಏನ್ ತಿಂದಿ?"

"ರೊಟ್ಟಿ ತಿಂದೀನಿ."

"ಖರೆ ಹೇಳು."

"ಅರ್ಧಾ ತಿಂದೀನಿ. ಇನ್ನರ್ಧಾ ಸೊಸಿಗಿ ಇಟ್ಟು ಬಂದೆ. ಮೊಲಿ ಉಣಿಸೂ ಹೆಣ್ಮಗಳು. ನಂದೇನದ?"

ಮರಾಠಿ ಸೀಮೆಗೆ ಸೇರಿದ ದಾಳಿಂಬ ಊರಿನ ನಮ್ಮ ಓಣಿಯ ಹೆಂಗಸರೆಲ್ಲ ಈ ದಾಲ್ ಮಿಲ್ಲಿಗೇ ಹೋಗುವವರು. ತುರೋರಿಯ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ಬೆಳಗಿನಿಂದ ಸಂಜೆಯವರೆಗೆ ಬೇಳೆಯಲ್ಲಿನ ಹರಳು, ಕರಿಕಾಳು ಆರಿಸುವ ಕೆಲಸ. ದೂಳು ಎಷ್ಟೆಂದರೆ ಮನೆಗೆ ಹೋಗಿ ಕೆಮ್ಮಿದರೆ ಉಗುಳೂ ಹಳದಿ. ದಿನಕ್ಕೆ ಅಷ್ಟೊಂದು ಬೇಳೆ ನಮ್ಮ ಬೆರಳ ಸಂದಿಯಿಂದ ದಾಟಿ ಹೋಗುತ್ತದೆ, ನಮ್ಮ ಮನೆಯ ಗಡಿಗೆಯಲ್ಲಿ ಮಾತ್ರ ಬೇಳೆಯ ಬಣ್ಣದ ನೀರು. ಚುನ್ನಿ ಎಂದರೆ ಬೇಳೆಯ ನುಚ್ಚು ಹೊಟ್ಟು. ಅದನ್ನು ಕೂಡ ಒಂದು ಹಿಡಿ ಮನೆಗೆ ಒಯ್ಯಲು ಬಿಡುವುದಿಲ್ಲ. ಅದು ಎಮ್ಮೆಗಳಿಗೆ ಮಾರಾಟಕ್ಕಿದೆ.

ಕಾಂತಾಬಾಯಿ ಬಿದ್ದ ಮರುದಿನ ನಾವೆಲ್ಲ ಕೂಡಿ ಮಿಲ್ಲಿನ ಮಾಲೀಕ ವೈಜನಾಥ ಸಾವ್ಕಾರನ ಆಫೀಸಿನ ಬಾಗಿಲಿಗೆ ಹೋದೆವು. ಬಾಯಿ ಇದ್ದವಳು ನಾನೇ ಎಂದು ನನ್ನನ್ನೇ ಮುಂದೆ ದೂಡಿದರು.

"ಸಾವ್ಕಾರ್ರೆ, ಮಧ್ಯಾಹ್ನ ಒಂದ್ ಹೊತ್ತು ಊಟಾ ಹಾಕ್ರಿ. ಅನ್ನಾ, ಬ್ಯಾಳಿ, ಅಷ್ಟೇ ಸಾಕ್ರಿ. ಬ್ಯಾಳಿ ಅಂತೂ ನಿಮ್ಮಲ್ಲೇ ಅದ."

ಸಾವ್ಕಾರ ನಕ್ಕ. "ಸೋಮವಾರ ಅಂತೀರಿ, ಶ್ರಾವಣ ಅಂತೀರಿ, ವರ್ಷಪೂರ್ತಿ ಉಪಾಸ ಮಾಡ್ತೀರಿ. ಬೀಳ್ದೆ ಏನ್ ಮಾಡ್ತೀರಿ? ನಿಮಗ ಊಟಾ ಕಡಿಮಿ ಆಗ್ಯಾದ ಅಂತ ಯಾರ್ ನೋಡ್ಯಾರ? ಹೋಗ್ರಿ, ನೋಡೋಣು."

ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ನಾವು ಮೊರ ಹಿಡಿದು ಕೂತೆವು.

ಕೆಲವು ವಾರಗಳಾದ ಮೇಲೆ ಪೂನಮ್ ನಮ್ಮ ಓಣಿಗೆ ಬಂದಳು. ಬಸವಲಿಂಗಯ್ಯನವರ ಮಗಳು. ಅಯ್ಯನವರೆಂದರೆ ನಮ್ಮೆಲ್ಲರ ಮನೆಯ ಜಂಗಮರು. ಮಗು ಹುಟ್ಟಿದರೂ ಅವರೇ ಬರಬೇಕು, ಮುದುಕ ಸತ್ತರೂ ಅವರೇ ಬರಬೇಕು. ಪೂನಮ್ ಉದಗೀರದಲ್ಲಿ ಕಾಲೇಜು ಓದಿ ಬಂದವಳು, ನನ್ನ ಮಗಳು ಮೀನಲಳ ವಯಸ್ಸು. ಆದರೂ ಆಕೆ ಅಂಗಳಕ್ಕೆ ಕಾಲಿಟ್ಟರೆ ನಾವು ಬಗ್ಗಿ ಕಾಲು ಮುಟ್ಟುತ್ತೇವೆ, ಅಮ್ನೋರೆ ಎನ್ನುತ್ತೇವೆ. ಮಂದಿಯ ಊಟ ಸಾಕಷ್ಟಿದೆಯೇ ಎಂದು ನೋಡುವ ಒಂದು ಸಂಸ್ಥೆಯಲ್ಲಿ ಆಕೆಗೆ ನೌಕರಿ ಸಿಕ್ಕಿತ್ತು. ಸಾವ್ಕಾರನ ಮಾತಿನಿಂದಲೇ ಸಿಕ್ಕಿತೆಂದು ಊರೆಲ್ಲ ಬಲ್ಲದು. ಹೆಗಲಿಗೆ ಚೀಲ, ಚೀಲದಲ್ಲಿ ಗಾಜಿನ ಸಣ್ಣ ಕಾಟಾ. ಅದರ ಮೇಲೆ ಏನಿಟ್ಟರೂ ಕೆಂಪಕ್ಷರದಲ್ಲಿ ತೂಕ ಬೀಳುತ್ತದೆ.

"ಕಾಕಿ, ದಿನಕ್ಕೊಂದು ಮನಿಗಿ ಬರ್ತೀನ್ರಿ. ನೀವು ಏನೇನ್ ಉಣ್ತೀರಿ ಅದನ್ನ ತೂಗಿ ಬರಕೋತೀನಿ. ದಿನಾ ಹೆಂಗ ಉಣ್ತೀರಿ ಹಂಗೇ ಉಣ್ರಿ. ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ."

"ಮಿಲ್ಲಿಗಿ ಹೋಗಾದು?"

"ಆ ದಿನ ಸಾವ್ಕಾರ್ರೇ ರಜಾ ಕೊಟ್ಟಾರ್ರಿ."

ಸಾವ್ಕಾರ ರಜಾ ಕೊಟ್ಟನೆಂದರೆ ಮೂಗಿನ ಮೇಲೆ ಬೆರಳಿಟ್ಟು ವಿಚಾರ ಮಾಡಬೇಕಿತ್ತು. ಮಾಡಲಿಲ್ಲ. ನಮಗೆ ಬೇರೆಯೇ ಚಿಂತೆ ಹತ್ತಿತ್ತು. ಜಂಗಮರ ಮಗಳು ದಿನವಿಡೀ ಮನೆಯಲ್ಲಿ ಕೂರುತ್ತಾಳೆ, ನಮ್ಮ ಗಡಿಗೆಯ ಮುಚ್ಚಳ ತೆಗೆದು ನೋಡುತ್ತಾಳೆ. ಆಕೆಯ ಮುಂದೆ ಬರೀ ಖಾರ ರೊಟ್ಟಿ ಇಡುವುದೆ? ಏನೂ ಮಾಡಬೇಡಿ ಎಂದರೆ ನಾವು ಕೇಳುವ ಪೈಕಿಯೆ?

ಸಂಜೆ ನಳದ ಹತ್ತಿರ ಕಾಂತಾಬಾಯಿ ಅಳುವ ಮುಖ ಮಾಡಿಕೊಂಡು ನಿಂತಿದ್ದಳು. "ಪೈಲಾ ನಂಬರ ನಂದೇ ಬಂದದ, ಶೇವಂತಾ. ಮನ್ಯಾಗ ಗೋಧಿ ಹಿಟ್ಟು ಸುದ್ದಾ ಇಲ್ಲ. ಅಮ್ನೋರು ಏನ್ ಅಂದ್ಕೋತಾರ?"

"ಗೋಧಿ ನಾ ಕೊಡ್ತೀನಿ. ತುಪ್ಪಾನೂ ಕೊಡ್ತೀನಿ. ಓಣಿ ಮಾನ ಕಳೀಬ್ಯಾಡ" ಎಂದವಳು ನಾನು. ಮೀನಲಳ ಬಾಣಂತನಕ್ಕೆಂದು ನಿಲಂಗಾದ ತವರಿನಿಂದ ತಂದಿಟ್ಟಿದ್ದ ತುಪ್ಪದ ಡಬ್ಬಿ ಅದು. ಬೇರೆಯವರು ಬೆಲ್ಲ ಕೊಟ್ಟರು, ಹಾಲು ಕೊಟ್ಟರು, ಬದನೆಕಾಯಿ ಕೊಟ್ಟರು. ಕಾಂತಾಬಾಯಿ ಮನೆಯಲ್ಲಿ ಸೀಮಂತ ಇದೆಯೇನೋ ಅನ್ನುವಂತೆ ಓಡಾಡಿದೆವು.

ಮರುದಿನ ಪೂನಮ್ ಬಂದಾಗ ಕಾಂತಾಬಾಯಿಯ ಒಲೆಯ ಮುಂದೆ ಚಪಾತಿ, ಗಟ್ಟಿ ಬೇಳೆ, ಎಣ್ಣೆಗಾಯಿ, ತುಪ್ಪ ಸುರಿದ ಸಿಹಿ ಸಜ್ಜಕ. ಸಹಾಯಕ್ಕೆಂದು ನಾನೂ ಮಿಲ್ಲಿಗೆ ಹೋಗದೆ ಉಳಿದಿದ್ದೆ. ಪೂನಮ್ ಒಂದೊಂದನ್ನೂ ಕಾಟಾದ ಮೇಲಿಟ್ಟು ತನ್ನ ಟ್ಯಾಬಿನಲ್ಲಿ ಒತ್ತಿಕೊಂಡಳು. ತಾಟು ತುಂಬಿ ಕಾಂತಾಬಾಯಿಯ ಮುಂದಿಟ್ಟಳು.

"ಉಣ್ರಿ ಕಾಕಿ."

ಕಾಂತಾಬಾಯಿ ತಾಟಿನ ಮುಂದೆ ಹೇಗೆ ಕೂರಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಎಲ್ಲರೂ ಉಂಡ ಮೇಲೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಳಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಮುಗಿಸುವ ಹೆಂಗಸು. ಆಕೆಗೆ ತನ್ನದೆಂಬ ತಾಟೇ ಇಲ್ಲ.

"ಅಮ್ನೋರೆ, ನೀವು ಕೈ ಹಚ್ಚದ ಹೊರ್ತು ನಾ ಹೆಂಗ ಉಣ್ಣಲಿ? ಪಾಪ ಬರ್ತದ."

"ನಂಗ ಉಣ್ಣಾಕ ಪರವಾನಗಿ ಇಲ್ರಿ ಕಾಕಿ."

"ಹಂಗಾದ್ರ ನಾನೂ ಉಣ್ಣಂಗಿಲ್ಲ."

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ, ತಾಟಿನ ಸಜ್ಜಕವನ್ನು ಚೂರು ಬಾಯಿಗೆ ಹಾಕಿಕೊಂಡಳು. ಆಮೇಲೆ ಕಾಂತಾಬಾಯಿ ಉಂಡಳು. ಬಾಯಿಗೆ ರುಚಿ ಹತ್ತಿತೋ, ಹೊಟ್ಟೆಯೇ ಬೇಡಿತೋ, ಗಬಗಬ ಉಂಡಳು. ಅರ್ಧಕ್ಕೇ ಹೊಟ್ಟೆ ತುಂಬಿತ್ತು, ನನಗೆ ಕಾಣುತ್ತಿತ್ತು. ಆದರೆ ಜಂಗಮರು ಕೈ ಹಚ್ಚಿದ ಮೇಲೆ ಅದು ಪ್ರಸಾದ. ಪ್ರಸಾದ ತಾಟಿನಲ್ಲಿ ಬಿಡುವಂತಿಲ್ಲ. ಕಾಂತಾಬಾಯಿ ಕೊನೆಯ ತುತ್ತನ್ನೂ ಒತ್ತಿ ಒತ್ತಿ ನುಂಗಿ, ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದಳು. ಪೂನಮ್ ಖಾಲಿ ತಾಟನ್ನು ಮತ್ತೆ ಕಾಟಾದ ಮೇಲಿಟ್ಟಳು. ಉಳಿದದ್ದು ಸೊನ್ನೆ.

ಅಷ್ಟರಲ್ಲಿ ಜೀಪು ಬಂತು. ಆಕೆಯ ಮೇಲಿನ ಅಧಿಕಾರಿ ಋಷಿಕೇಶ ಸಾಹೇಬ, ಮರಾಠಿ ಮಾತಿನವನು, ಬಾಗಿಲಲ್ಲೇ ನಿಂತು ಗಡಿಗೆಗಳನ್ನು ನೋಡಿ ಸಂತೋಷಪಟ್ಟ.

"ಮಾವಶಿ, ರೋಜ್ ಅಸಂಚ್ ಜೇವಣ್ ಅಸ್ತಂ ಕಾ?" ದಿನಾ ಹೀಗೇ ಊಟ ಇರುತ್ತದೆಯೇ ಎಂದು ಕೇಳಿದ.

ಕಾಂತಾಬಾಯಿಗೆ ಸುಳ್ಳು ಬರುವುದಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ನಾನು ಮಧ್ಯದಲ್ಲಿ ಹಾರಿದೆ.

"ಹೋ ಸಾಹೇಬ, ರೋಜ್!"

ಪೂನಮ್‌ಳ ಬೆರಳು ಟ್ಯಾಬಿನ ಮೇಲೆ ನಿಂತಿತು. ಆಕೆ ನನ್ನನ್ನು ನೋಡಿದಳು. ನಾನು ಕಣ್ಣು ಕೆಕ್ಕರಿಸಿದೆ. ಆಕೆ ತಲೆ ಬಗ್ಗಿಸಿ ಒತ್ತಿದಳು.

ಸಂಜೆ ಕಾಂತಾಬಾಯಿ ಹಿತ್ತಲಲ್ಲಿ ಬಗ್ಗಿ ಎಲ್ಲವನ್ನೂ ಕಾರಿಕೊಂಡಳು. ವರ್ಷಗಟ್ಟಲೆ ತುಪ್ಪ ಕಾಣದ ಹೊಟ್ಟೆ, ಹೇಗೆ ತಡೆದೀತು? ಪೂನಮ್ ಆಗ ಚೀಲ ಕಟ್ಟಿಕೊಂಡು ಹೋಗಿಯಾಗಿತ್ತು. ಒಳಗೆ ಹೋದದ್ದು ತೂಕಕ್ಕೆ ಬಂತು. ಹೊರಗೆ ಬಂದದ್ದನ್ನು ಯಾರೂ ತೂಗಲಿಲ್ಲ.

ಆಮೇಲೆ ಡಬ್ಬಿಗೆ ಕಾಲು ಬಂದವು. ಪೂನಮ್ ನಾಳೆ ಯಾರ ಮನೆಗೆ ಹೋಗುತ್ತಾಳೋ, ಇವತ್ತೇ ಡಬ್ಬಿ ಅವರ ಮನೆಗೆ. ನಾವು ಸೆರಗಿನೊಳಗೆ ಮುಚ್ಚಿಕೊಂಡು ಒಯ್ಯುತ್ತಿದ್ದೆವು, ನಗುತ್ತಿದ್ದೆವು. ಬಹಳ ದಿನದ ಮೇಲೆ ಓಣಿಯಲ್ಲಿ ತುಪ್ಪದ ವಾಸನೆ, ಬೆಲ್ಲದ ವಾಸನೆ. ನನ್ನ ಸರದಿ ಬಂದಾಗ ಡಬ್ಬಿಯ ತಳ ಕಾಣುತ್ತಿತ್ತು. ಪೂನಮ್ ಅದನ್ನು ಎತ್ತಿ ಹಿಡಿದು ಸುಮ್ಮನೆ ನೋಡಿದಳು.

"ಕಾಕಿ, ಈ ಡಬ್ಬಿ..."

"ಯಾವ ಡಬ್ಬಿ, ಅಮ್ನೋರೆ?"

"ಏನಿಲ್ರಿ."

ನನಗೂ ಅವತ್ತು ಯಾಕೋ ಒಂದು ಅನುಮಾನ. "ಇದೆಲ್ಲಾ ತೂಗಿದ್ರ ನಮಗೇನ್ ಸಿಗ್ತದ್ರಿ?" ಎಂದು ಕೇಳಿದೆ.

"ಹೇಳಾಂಗಿಲ್ರಿ ಕಾಕಿ. ಮೊದಲೇ ಹೇಳಿದ್ರ ಮಂದಿ ಉಣ್ಣಾದು ಬದಲ್ ಮಾಡ್ತಾರಂತ, ತೂಕ ಸುಳ್ಳ ಬರ್ತದಂತ." ಹಾಗೆನ್ನುವಾಗ ಆಕೆ ನನ್ನ ಮುಖ ನೋಡಲಿಲ್ಲ.

ನನಗೆ ಒಳಗೊಳಗೇ ನಗು. ಎಷ್ಟು ಶಾಣ್ಯಾಕಿ ಇದ್ದೇನೆ ನೋಡು ನಾನು!

ತೂಗುವುದು ಮುಗಿದು ಸ್ವಲ್ಪ ದಿನಕ್ಕೆ ಮಿಲ್ಲಿನ ಅಂಗಳದಲ್ಲಿ ಸಭೆ ಕರೆದರು. ಕುರ್ಚಿ, ಮೈಕು, ಹಾರ. ಋಷಿಕೇಶ ಸಾಹೇಬ ಮರಾಠಿಯಲ್ಲಿ ಹೇಳಿದ, ಪೂನಮ್ ಕನ್ನಡದಲ್ಲಿ ಹೇಳಬೇಕು. ಮೊದಮೊದಲು ಆಕೆಯ ದನಿ ಕೇಳುತ್ತಿತ್ತು. ಬರಬರುತ್ತ ಮೈಕಿನಲ್ಲಿಯೂ ಕೇಳದಂತಾಯಿತು.

"ಇಲ್ಲಿನ ಹೆಣ್ಮಕ್ಕಳ ಊಟಾ... ಬೇಕಾದಷ್ಟು ಅದ ಅಂತ್ರಿ. ತುಪ್ಪಾ, ಸಿಹಿ ಜರಾ ಜಾಸ್ತಿ ಆಗ್ಯಾದ ಅಂತ. ಅದನ್ನ ಕಡಿಮಿ ಮಾಡ್ರಿ ಅಂತ ಸರ್ ಹೇಳ್ಲಿಕತ್ತಾರ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಸಾವ್ಕಾರ ಎದ್ದು ನಿಂತು ಮೈಕು ತೆಗೆದುಕೊಂಡ.

"ನಾ ಸಂಸ್ಥಾದವ್ರಿಗಿ ಮಾತ್ ಕೊಟ್ಟಿದ್ದೆ. ನಮ್ಮ ಹೆಣ್ಮಕ್ಕಳಿಗಿ ಊಟಾ ಕಡಿಮಿ ಬಿದ್ರ ಮಧ್ಯಾಹ್ನದ ಊಟಾ ಮಿಲ್ಲಿಂದೇ ಅಂತ. ಅನ್ನಾ, ಬ್ಯಾಳಿ, ಒಂದ್ ತತ್ತಿ ಇಲ್ಲಾ ಬಾಳಿಹಣ್ಣು. ಎಲ್ಲಾ ಬರದು ಕೊಟ್ಟಿದ್ದೆ. ಈಗ ಕಾಟಾನೇ ಹೇಳ್ಯಾದ, ನೀವು ನನ್ಕಿಂತಾ ಛಲೋ ಉಣ್ತೀರಿ ಅಂತ! ಇದರಾಗ ನನ್ನ ತಪ್ಪೇನದ?"

ನಗುತ್ತಿದ್ದವರ ನಗು ನಿಂತಿತು. ಆ ಊಟ ನಮ್ಮ ಬಾಯಿಯ ಹತ್ತಿರ ಬಂದಿತ್ತು. ನಾವೇ, ನಮ್ಮ ಕೈಯಾರೆ, ದೂಡಿದ್ದೆವು.

ಶೇರ್ ಆಟೋ ಹತ್ತಿ ಮನೆಗೆ ಹೊರಟೆವು. ಓಣಿಗೆ ಬಂದ ಮೇಲೆ ಬಾಯಿ ಬಿಚ್ಚಿದವು. ಬೆಲ್ಲ ಕೊಟ್ಟವಳನ್ನು ಹಾಲು ಕೊಟ್ಟವಳು ಬೈದಳು. ಹಾಲು ಕೊಟ್ಟವಳನ್ನು ಆಕೆಯ ಗಂಡ ಬೈದ. ಎಲ್ಲರ ಬೆರಳೂ ಕೊನೆಗೆ ನನ್ನ ಕಡೆಗೇ ತಿರುಗಿತು. "ಡಬ್ಬಿ ಯಾರ್ದು? ರೋಜ್ ರೋಜ್ ಅಂತ ಒದರಿದಾಕಿ ಯಾರು?" ಯಾರ ಮುಂದೂ ಬಾಯಿ ಮುಚ್ಚದ ನಾನು ಅವತ್ತು ಕಟ್ಟೆಯ ಮೇಲೆ ಕಲ್ಲಿನಂತೆ ಕೂತೆ. ಮಗಳ ಬಾಣಂತನದ ತುಪ್ಪ ಸುರಿದು ಓಣಿಯ ಊಟ ಕಸಿದುಕೊಂಡಿದ್ದೆ. ಯಾವ ಮುಖ ಇಟ್ಟುಕೊಂಡು ಮಾತಾಡಲಿ?

ಕಾಂತಾಬಾಯಿ ಅಳುತ್ತಿದ್ದಳು. "ಆಕಿಗ್ಯಾಕ ಬೈತೀರಿ? ಉಂಡಾಕಿ ನಾನು. ಸುಳ್ಳ ತಾಟು ಉಂಡೆ. ಆ ಸಾಹೇಬ ಕೇಳಿದಾಗ ಇಲ್ರೀ ಅಂದಿದ್ರ ಆಗ್ತಿತ್ತು. ನಾಲಿಗಿ ಏಳಲಿಲ್ಲ ನಂದು."

ಅದೇ ಹೊತ್ತಿಗೆ ಪೂನಮ್ ಬಂದಳು. ನಮ್ಮಲ್ಲಿ ಯಾರೂ ಏಳಲಿಲ್ಲ, ಯಾರೂ ಕಾಲು ಮುಟ್ಟಲಿಲ್ಲ. ಚಾಪೆ ಹಾಸಲಿಲ್ಲ. ಆಕೆ ಬರೀ ನೆಲದ ಮೇಲೆ, ನಮ್ಮೆಲ್ಲರ ನಡುವೆ ಕೂತಳು.

"ನಂಗ ಗೊತ್ತಿತ್ರಿ ಕಾಕಿ. ಊಟದ ಕರಾರು ಗೊತ್ತಿತ್ತು. ಡಬ್ಬಿ ಒಂದೇ ಅಂತಾನೂ ಗೊತ್ತಾಗಿತ್ತು."

ನನ್ನ ಬಾಯಿ ಆಗ ತೆರೆಯಿತು. "ಗೊತ್ತಿತ್ತು ಅಂತ ಹೇಳಾಕ ಬಂದೀಯೇನ? ಜಂಗಮರ ಮಗಳು ನೀ! ಒಂದ್ ಮಾತು ಕಿವ್ಯಾಗ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" 'ಅಮ್ನೋರೆ' ಹೋಗಿ 'ನೀ' ಬಂದಿತ್ತು. ಬಾಯಿಂದ ಬಿದ್ದ ಮೇಲೆ ನನಗೇ ಗೊತ್ತಾದದ್ದು.

"ನೌಕರಿ ಹೋಗ್ತಿತ್ರಿ. ಹೇಳಬಾರದು ಅಂತ ಸಹಿ ಮಾಡಿಸ್ಕೊಂಡಾರ. ಅಪ್ಪಾರಿಗಿ ಹೇಳಿದೆ. ಸಾವ್ಕಾರ್ರ ಮನಿ ನಮಗ ದಕ್ಷಿಣಿ ಕೊಡೂ ದೊಡ್ಡ ಮನಿ ಅದವ್ವಾ, ಸುಮ್ಮನಿರು ಅಂದ್ರು. ಇವತ್ತು ಸಭಾ ಮುಗಿದ ಮ್ಯಾಲ ಸರ್‌ಗ ಹೇಳಿದೆ, ಇದೆಲ್ಲಾ ಒಂದೇ ಡಬ್ಬಿ ತುಪ್ಪಾ ಸರ್, ಮತ್ತೊಮ್ಮಿ ತೂಗೋಣು ಅಂತ."

"ಏನಂದಾ ಅಂವಾ?"

"ತೂಕ ಬರೋಬ್ಬರಿ ಅದನಾ ಅಂದ್ರು. ತೂಕ ಬರೋಬ್ಬರೀ ಅದ್ರಿ ಸರ್ ಅಂದೆ. ಮುಗೀತಲ್ಲ ಅಂದ್ರು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮನಿ ಸಜ್ಜಕ ಇನ್ನೂ ಗಂಟಲದಾಗ ಅದ್ರಿ ಕಾಂತಾಕಾಕಿ. ಇಳೀವಲ್ದು."

ಕೆಲವರು ತಲೆ ತಗ್ಗಿಸಿದರು, ಕೆಲವರು ಮತ್ತೆ ಬಿಕ್ಕಿದರು. ಆಗ ಕಾಂತಾಬಾಯಿ ಕಣ್ಣೊರೆಸಿಕೊಂಡು ಎಂದೂ ಇಲ್ಲದ ದನಿಯಲ್ಲಿ ಮಾತಾಡಿದಳು.

"ಶೇವಂತಾ ತಪ್ಪು ತನ್ನದೇ ಅಂತ ಕುಂತಾಳ. ನಾ ನಂದು ಅಂತೀನಿ. ಈ ಕೂಸು ನಂದು ಅಂತ ಅಳ್ತದ. ಇಡೀ ಓಣಿಗೆ ಓಣೀನೇ ತಪ್ಪು ಮಾಡಿದಾಂಗ ಕುಂತದ. ಈಗ ಸಾವ್ಕಾರ ಏನ್ ಮಾಡ್ಲಿಕತ್ತಾನ ಗೊತ್ತದನು? ಉಣ್ಲಿಕತ್ತಾನ. ಉಂಡು ಡುಬ್ಬದ ಮ್ಯಾಲ ಮಲಗ್ತಾನ. ಅಂವನ ಕಣ್ಣಾಗ ನಿದ್ದಿ ಬರ್ತದ, ನಮ್ಮ ಕಣ್ಣಾಗ ಯಾಕ ನೀರು?"

ನನಗೆ ನನ್ನ ಮೇಲೇ ಸಿಟ್ಟು ಬಂತು. ಬೇಳೆಯ ರಾಶಿಯ ಮೇಲೆ ಬಿದ್ದವಳನ್ನು ಕಣ್ಣಾರೆ ನೋಡಿದ ಮನುಷ್ಯ, ಊಟ ಹಾಕಲು ಕಾಟಾದ ಸಾಕ್ಷಿ ಕೇಳಿದ. ನಾವು ಬಡತನ ಮುಚ್ಚಿಟ್ಟದ್ದಕ್ಕೆ ನಾಚುತ್ತಿದ್ದೆವು. ನಾಚಬೇಕಾದವನು ಹಾರ ಹಾಕಿಸಿಕೊಂಡು ಹೋಗಿದ್ದ.

"ಪೂನಮ್, ಆ ಕಾಟಾ ಇನ್ನೂ ನಿನ್ನ ಹಂತ್ಯಾಕೇ ಅದನು?" ಎಂದು ಕೇಳಿದೆ.

"ಅದ್ರಿ. ನಾಳಿ ವಾಪಸ್ ಕೊಡಬೇಕು."

"ಹಂಗಾದ್ರ ನಾಳಿ ಮಧ್ಯಾಹ್ನ ಮಿಲ್ಲಿಗಿ ಬಾ."

ಮರುದಿನ ಮಧ್ಯಾಹ್ನ ಸಾವ್ಕಾರನ ಊಟದ ಡಬ್ಬಿ ಎಂದಿನಂತೆ ಉಮರ್ಗಾದ ಮನೆಯಿಂದ ಕಾರಿನಲ್ಲಿ ಬಂತು. ಆಳು ಆಫೀಸಿನ ಟೇಬಲ್ಲಿನ ಮೇಲೆ ಸ್ಟೀಲಿನ ತಾಟು ಇಟ್ಟು, ಬಟ್ಟಲುಗಳನ್ನು ಜೋಡಿಸಿ ಹೋದ. ಸಾವ್ಕಾರ ಕೈ ತೊಳೆದು ಬಂದು ಕೂತ. ನಾನು ಮೊರ ಕೆಳಗಿಟ್ಟು ಎದ್ದೆ. ಕಾಂತಾಬಾಯಿ ಎದ್ದಳು. ಆಮೇಲೆ ಎಲ್ಲರೂ ಎದ್ದರು. ಓಂಪ್ರಕಾಶ "ಏ, ಏ, ಎಲ್ಲಿ ಹೊಂಟೀರಿ?" ಎಂದು ಹಿಂದೆ ಹಿಂದೆ ಬಂದ. ನಾವು ಆಫೀಸಿನ ಒಳಗೆ ಹಿಡಿಯುವಷ್ಟು ಜನ ಒಳಗೆ, ಉಳಿದವರು ಬಾಗಿಲಲ್ಲಿ, ಕಿಟಕಿಯಲ್ಲಿ. ನೆಲದ ಮೇಲೆ ಕೂತೆವು.

"ಏನಿದು?" ಸಾವ್ಕಾರನ ಕೈ ರೊಟ್ಟಿಯ ಮೇಲೆಯೇ ಇತ್ತು.

ಹಿಂದಿನಿಂದ ಪೂನಮ್ ದಾರಿ ಮಾಡಿಕೊಂಡು ಬಂದಳು. ಬೇರೆ ಯಾರಾದರೂ ಆಗಿದ್ದರೆ ಸಾವ್ಕಾರ ಬೈದು ಹೊರಗೆ ಹಾಕುತ್ತಿದ್ದ. ಆದರೆ ಸೋಮವಾರಕ್ಕೊಮ್ಮೆ ಆಕೆಯ ತಂದೆಯ ಪಾದ ತೊಳೆಯುವವನು ಆತ. ಅರ್ಧ ಎದ್ದು, ಎಂಜಲು ಕೈಯನ್ನು ಹೇಗೆ ಮುಗಿಯಬೇಕೆಂದು ತಿಳಿಯದೆ ನಿಂತ.

ಪೂನಮ್ ಕಾಟಾವನ್ನು ಟೇಬಲ್ಲಿನ ಮೇಲಿಟ್ಟು ಬಟನ್ ಒತ್ತಿದಳು.

"ಸಾವ್ಕಾರ್ರೆ, ತಾಟು ಇದರ ಮ್ಯಾಲ ಇಡ್ರಿ."

"ಅಮ್ನೋರೆ, ಇದೇನ್ ಚೇಷ್ಟಾ ಹಚ್ಚೀರಿ? ಅಪ್ಪಾರಿಗಿ ಗೊತ್ತದನು?"

"ಇನ್ನ ಮ್ಯಾಲ ಗೊತ್ತಾಗ್ತದ್ರಿ. ತಾಟು ಇಡ್ರಿ."

"ನನ್ನ ಊಟಾ ಯಾಕ್ರಿ ತೂಗಬೇಕು?" ಆತನ ದನಿ ಏರಿತು. "ನಾ ಉಣ್ಣಾದು ನನ್ನ ಮನಿದು!"

ಬಾಗಿಲ ಹತ್ತಿರ ಕೂತಿದ್ದ ಕಾಂತಾಬಾಯಿ ಕೇಳಿದಳು. ಬಯ್ಯಲಿಲ್ಲ, ಚೀರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

"ನಿಮ್ಮ ಊಟಾ ಯಾವ ಸಾಹೇಬ ತೂಗಿ ಮಂಜೂರ್ ಮಾಡ್ಯಾನ್ರಿ, ಸಾವ್ಕಾರ್ರೆ?"

ಆತ ಓಂಪ್ರಕಾಶನನ್ನು ಕೂಗಿದ. ಓಂಪ್ರಕಾಶ ಬಾಗಿಲಲ್ಲಿ ತುಂಬಿದ್ದ ನಮ್ಮನ್ನು ದಾಟಿ ಒಳಗೆ ಬರಲಾರದೆ ಹೊರಗೇ ನಿಂತ. ಸಾವ್ಕಾರ ಮತ್ತೆ ಕೂತು ರೊಟ್ಟಿಯ ಚೂರು ಮುರಿದ, ಪಲ್ಯಕ್ಕೆ ಅದ್ದಿದ, ಬಾಯಿಯ ಹತ್ತಿರ ಒಯ್ದ. ಓಣಿಯ ಅಷ್ಟೂ ಹೆಂಗಸರು ಆ ತುತ್ತನ್ನೇ ನೋಡುತ್ತಿದ್ದೆವು. ಅದು ಬಾಯಿಗೆ ಹೋಗಲಿಲ್ಲ.

"ಸರಿ, ಹೋಗ್ರಿ ಈಗ. ನೋಡೋಣು" ಎಂದ.

ನಾನು ಸೆರಗು ಬಿಗಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿದೆ.

"ಇಲ್ರಿ ಸಾವ್ಕಾರ್ರೆ. ನೀವು ಉಣ್ರಿ. ನಾವು ನೋಡ್ತೀವಿ."